ಬಾವಿ ನೀರು ಕೆಟ್ಟಿದೆಯಾ? ಮನೆಯಲ್ಲೇ ಗುರುತು ಹಿಡಿಯುವ ಬಗೆ

ನಮ್ಮ ಮನೆ ಬಾವಿ ಮುರಕಲ್ಲು (ಜಂಬಿಟ್ಟಿಗೆ) ಕಡಿದು ತೋಡಿದ್ದು. ಆಳ 38 ಅಡಿ. ಅಡಿಯಲ್ಲಿ ಎರಡು ಒಳ್ಳೆಯ ಒರತೆಗಳಿವೆ. ಬಂದ ನೆಂಟರೆಲ್ಲ "ನಿಮ್ಮ ನೀರು ಎಷ್ಟು ಸಿಹಿ ಮಾರಾಯ್ರೆ" ಎಂದು ಇನ್ನೊಂದು ಚೊಂಬು ಕೇಳಿ ಕುಡಿಯುತ್ತಿದ್ದರು. ಕೇಳಿ ಕೇಳಿ ನಮಗೂ ಅದೇ ನಂಬಿಕೆ. ನೀರು ತಿಳಿಯಾಗಿದೆ, ಸಿಹಿಯಾಗಿದೆ, ಅಂದಮೇಲೆ ಒಳ್ಳೆಯದೇ ಅಲ್ವಾ?

ಒಂದು ಜುಲೈಯಲ್ಲಿ ಮನೆಯ ಇಬ್ಬರು ಮಕ್ಕಳಿಗೂ ಭೇದಿ ಶುರುವಾಯಿತು. ವಾರ ಕಳೆಯುವಷ್ಟರಲ್ಲಿ ಅತ್ತೆಗೂ ಬಂತು. ನಮ್ಮ ಆಶಾ ಕಾರ್ಯಕರ್ತೆ ಬಂದವರು ಒಂದು ಸಣ್ಣ ಬಾಟಲಿ ಕೊಟ್ಟು, "ಗೆರೆ ತನಕ ನೀರು ತುಂಬಿ ಇಡಿ ಅಕ್ಕ, ನಾಳೆ ನೋಡುವ" ಎಂದರು. ಮರುದಿನ ಮಧ್ಯಾಹ್ನಕ್ಕೆ ಆ ಬಾಟಲಿ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಪಕ್ಕದಲ್ಲೇ ಗಾಜಿನ ಲೋಟದಲ್ಲಿ ಅದೇ ಕೊಡದ ನೀರು ಕನ್ನಡಿಯಂತೆ ತಿಳಿಯಾಗಿತ್ತು.

ಆ ಎರಡನ್ನೂ ಅಕ್ಕಪಕ್ಕ ನೋಡಿದ ದಿನದಿಂದ ನಾನು ಬಾವಿಯನ್ನು ನೋಡುವ ರೀತಿಯೇ ಬದಲಾಯಿತು. ಬಾವಿ ನೀರಿನ ಕೆಲವು ತೊಂದರೆಗಳನ್ನು ಕಣ್ಣು, ಮೂಗು, ನಾಲಿಗೆ ಹಿಡಿಯುತ್ತವೆ. ಅದಕ್ಕೆ ನಿಮ್ಮ ಬಾವಿ ಮಾಮೂಲಿ ದಿನಗಳಲ್ಲಿ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ಆಗ ಸ್ವಲ್ಪ ಬದಲಾದರೂ ತಿಳಿಯುತ್ತದೆ. ಇನ್ನು ಕೆಲವು ತೊಂದರೆಗಳು ಏನು ಮಾಡಿದರೂ ಕಾಣುವುದಿಲ್ಲ. ಅವನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಎರಡಕ್ಕೂ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅನುಭವ ಕರಾವಳಿಯ ತೆರೆದ ಬಾವಿಯದು. ಬಯಲುಸೀಮೆಯ ಕೊಳವೆಬಾವಿಯವರಿಗೆ ಬೇಕಾದ ಮಾತನ್ನೂ ನಡುವೆ ಸೇರಿಸಿದ್ದೇನೆ.

1. ಮೊದಲು ಬಾವಿಯ ಸುತ್ತ ಒಂದು ಸುತ್ತು

ನೀರು ಎತ್ತುವ ಮೊದಲು ಬಾವಿಕಟ್ಟೆಯ ಸುತ್ತ ನಿಧಾನವಾಗಿ ನಡೆಯಿರಿ. ಮಳೆ ಬರುವಾಗ ಕೊಡೆ ಹಿಡಿದು ಹೋದರೆ ಇನ್ನೂ ಒಳ್ಳೆಯದು. ನೀರು ಯಾವ ಕಡೆಯಿಂದ ಹರಿದು ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಂಗುತ್ತದೆ ಎಂಬುದು ಆಗ ಸರಿಯಾಗಿ ಕಾಣುತ್ತದೆ.

ಬಟ್ಟೆ ಒಗೆದ ನೀರು ಕಟ್ಟೆಯ ಬಿರುಕಿನಲ್ಲಿ ವಾಪಸ್ ಬಾವಿಗೆ ಇಳಿಯುತ್ತಿದೆಯಾ? ಬಚ್ಚಲ ನೀರು ತೆಂಗಿನ ಬುಡಕ್ಕೆ ಹೋಗುವ ದಾರಿಯಲ್ಲಿ ಬಾವಿಯ ಹತ್ತಿರ ನಿಲ್ಲುತ್ತಿದೆಯಾ? ಹಟ್ಟಿ, ಗೊಬ್ಬರದ ಗುಂಡಿ ಬಾವಿಗಿಂತ ಎತ್ತರದಲ್ಲಿವೆಯಾ? ಬಾವಿಗೆ ಬಲೆ ಇದೆಯಾ, ಇದ್ದರೆ ಅದರ ಮೇಲೆ ಎಲೆ ಕೊಳೆತು ರಸ ಕೆಳಗೆ ತೊಟ್ಟಿಕ್ಕುತ್ತಿದೆಯಾ?

ಎಲ್ಲಕ್ಕಿಂತ ಮುಖ್ಯ ಕಕ್ಕಸು ಗುಂಡಿ. ಬಾವಿಗೂ ಗುಂಡಿಗೂ ಕನಿಷ್ಠ 50 ಅಡಿ ಇರಬೇಕು. ಜಾಸ್ತಿ ಇದ್ದಷ್ಟೂ ಒಳ್ಳೆಯದು. ಮುರಕಲ್ಲಿನ ನೆಲದಲ್ಲಿ ಇನ್ನೂ ಹುಷಾರಾಗಿರಬೇಕು. ಆ ಕಲ್ಲಿನಲ್ಲಿ ತೂತು, ಪೊಳ್ಳು ತುಂಬಾ ಇರುತ್ತವೆ. ಮರಳಿನಲ್ಲಿ ಇಳಿಯುವ ನೀರು ಸೋಸಿಕೊಂಡು ನಿಧಾನ ಬರುತ್ತದೆ. ಮುರಕಲ್ಲಿನ ಪೊಳ್ಳಿನಲ್ಲಿ ಅದು ಪೈಪಿನಲ್ಲಿ ಬಂದ ಹಾಗೆ ಬಂದುಬಿಡಬಹುದು. ನಮ್ಮ ಗುಂಡಿಯನ್ನು ಟೇಪು ಹಿಡಿದು ಅಳೆದಾಗ ದೂರ ಬರೀ 28 ಅಡಿ. ಇಪ್ಪತ್ತು ವರ್ಷ ಅದರ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಹೂವಿನ ಕುಂಡ ಇದ್ದುದರಿಂದ ಅಲ್ಲೊಂದು ಗುಂಡಿ ಇದೆ ಎಂಬುದೇ ನಮಗೆ ಮರೆತುಹೋಗಿತ್ತು. ನೀವೂ ಟೇಪು ಹಿಡಿದೇ ಅಳೆಯಿರಿ. ಪಕ್ಕದ ಮನೆಯವರ ಗುಂಡಿ ಎಲ್ಲಿದೆ ಎಂದೂ ಕೇಳಿಕೊಳ್ಳಿ.

ಮಾಡಿನ ಮಳೆನೀರನ್ನು ಬಾವಿಗೆ ಬಿಡುವ ಮನೆಗಳು ಈಗ ಜಾಸ್ತಿ. ಒಳ್ಳೆಯ ಕೆಲಸವೇ. ಆದರೆ ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಬಿಡಿ, ಆಮೇಲೆ ಜಲ್ಲಿ–ಮರಳಿನ ಸೋಸು ತೊಟ್ಟಿಯ ಮೂಲಕವೇ ಒಳಗೆ ಬಿಡಿ. ಮಾಡಿನ ಮೇಲೆ ಹಕ್ಕಿಯ ಹಿಕ್ಕೆ, ಬೆಕ್ಕಿನ ಹೇಲು ಎಲ್ಲ ಇರುತ್ತದೆ.

2. ಬೆಳಗಿನ ಬೆಳಕಿಗೆ ಒಂದು ಲೋಟ

ಸ್ಟೀಲ್ ಲೋಟ ಬೇಡ, ಗಾಜಿನದೇ ಬೇಕು. ಆಗಷ್ಟೇ ಎತ್ತಿದ ನೀರು ತುಂಬಿ, ಬಿಳಿ ಕಾಗದದ ಮೇಲಿಟ್ಟು ಕಿಟಕಿಯ ಹತ್ತಿರ ನೋಡಿ. ನೋಡಿ ಚೆಲ್ಲಬೇಡಿ. ಒಂದು ರಾತ್ರಿ ಮುಚ್ಚಿಟ್ಟು ಮತ್ತೆ ನೋಡಿ.

ಎತ್ತುವಾಗಲೇ ಕೆಂಪು ಕಲಕಾಗಿದ್ದು, ಬೆಳಗಾಗುವಾಗ ತಳದಲ್ಲಿ ಮಣ್ಣು ಕೂತು ಮೇಲೆ ತಿಳಿಯಾದರೆ ಅದು ಬರೀ ಮಣ್ಣು. ಆದರೆ ಮಣ್ಣು ಬಂದ ದಾರಿಯಲ್ಲಿ ಮೇಲಿನ ಕೊಳೆಯೂ ಬರಬಹುದು ಎಂಬುದು ನೆನಪಿರಲಿ. ಎತ್ತುವಾಗ ತಿಳಿಯಾಗಿದ್ದ ನೀರು ರಾತ್ರಿ ಕಳೆಯುವಾಗ ಹಳದಿಗೆ ತಿರುಗಿ, ತಳದಲ್ಲಿ ತುಕ್ಕಿನ ಪುಡಿಯಂತೆ ಕೂತರೆ ಅದು ಕಬ್ಬಿಣದ ಅಂಶ. ನೆಲದೊಳಗೆ ಕರಗಿದ್ದ ಕಬ್ಬಿಣ ಗಾಳಿ ತಾಗಿದ ಮೇಲೆ ತುಕ್ಕಾಗಿ ಹೊರಬರುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಿಳಿ ಬಟ್ಟೆಯಲ್ಲಿ ಕಲೆ ಕಾಣಲು ಶುರುವಾಗುತ್ತದೆ. ಇನ್ನೊಂದು ಸುಲಭ ಗುರುತು ಚಹಾ. ಕಬ್ಬಿಣ ಜಾಸ್ತಿ ಇರುವ ನೀರಲ್ಲಿ ಹಾಲು ಹಾಕದ ಕಣ್ಣ ಚಹಾ ಮಾಡಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಶಾಯಿಯ ಹಾಗೆ ಕಪ್ಪಾಗುತ್ತದೆ.

ಹಸಿರು ಛಾಯೆ ಕಂಡರೆ ಪಾಚಿ. ಬಿಸಿಲು ನೇರ ಬೀಳುವ, ನೀರು ಎತ್ತದೆ ಬಿಟ್ಟ ಬಾವಿಗಳಲ್ಲಿ ಬರುತ್ತದೆ.

ಕೆಲವು ಬಾವಿಗಳಲ್ಲಿ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಾಣುತ್ತದೆ. ನೋಡಿದವರು ಪಂಪಿನ ಎಣ್ಣೆ ಸೋರಿದೆ ಎಂದೇ ಗಾಬರಿಯಾಗುತ್ತಾರೆ. ಇದನ್ನು ನೀವೇ ಪರೀಕ್ಷಿಸಬಹುದು. ಪೊರೆಯಿರುವ ನೀರನ್ನು ಅಗಲದ ಬಕೆಟಿನಲ್ಲಿ ಎತ್ತಿ ಅಲುಗಾಡದಂತೆ ಇಡಿ. ಪೊರೆ ಮತ್ತೆ ಮೇಲೆ ಕೂತ ಮೇಲೆ ಹಿಡಿಕಡ್ಡಿಯ ತುದಿಯಿಂದ ನಡುವೆ ಒಂದು ಗೆರೆ ಎಳೆಯಿರಿ. ಪೊರೆ ತೆಳು ಗಾಜು ಒಡೆದಂತೆ ಚೂರು ಚೂರಾಗಿ, ಆ ಚೂರುಗಳು ಹಾಗೇ ಬೇರೆ ಬೇರೆ ತೇಲಿದರೆ ಅದು ಕಬ್ಬಿಣವನ್ನು ತಿಂದು ಬದುಕುವ ಬ್ಯಾಕ್ಟೀರಿಯಾದ ಪೊರೆ. ಅದರಿಂದ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ. ಪೈಪಿನೊಳಗೆ ಕೆಂಪು ಲೋಳೆ ಕಟ್ಟುತ್ತದೆ, ಅಷ್ಟೆ. ಕಡ್ಡಿ ಎಳೆದ ಗೆರೆ ಕೂಡಲೇ ಮುಚ್ಚಿಕೊಂಡು ಬಣ್ಣ ಸುಳಿಸುಳಿಯಾಗಿ ಮತ್ತೆ ಸೇರಿದರೆ ಅದು ಎಣ್ಣೆ. ಆಗ ಆ ನೀರು ಕುಡಿಯಬೇಡಿ. ಪಂಪು, ಡೀಸೆಲ್ ಕ್ಯಾನು, ಹತ್ತಿರದ ಗ್ಯಾರೇಜು, ಎಲ್ಲಿಂದ ಬಂತೆಂದು ಹುಡುಕಿ.

ನೀರಲ್ಲಿ ಮೀನು ಚೆನ್ನಾಗಿ ಆಡಿಕೊಂಡಿದೆ, ಆಮೆ ಇದೆ, ಆದ್ದರಿಂದ ನೀರು ಒಳ್ಳೆಯದು ಎಂಬ ಮಾತು ನಮ್ಮಲ್ಲಿ ಇದೆ. ಸೊಳ್ಳೆ ಮರಿ ತಿನ್ನಲಿ ಎಂದು ಬಿಟ್ಟ ಗಪ್ಪಿ ಮೀನು ಕೊಳಚೆ ಗುಂಡಿಯಲ್ಲೂ ಬದುಕುತ್ತದೆ. ಅದನ್ನು ನೋಡಿ ಕುಡಿಯುವ ನೀರನ್ನು ಅಳೆಯಬೇಡಿ.

3. ಮೂಗು, ನಾಲಿಗೆ

ಮೊದಲು ಮೂಸಿ, ಆಮೇಲೆ ಬಾಯಿಗೆ. ಸೀಮೆಎಣ್ಣೆ, ಪೆಟ್ರೋಲ್, ಕೀಟನಾಶಕದ ವಾಸನೆ ಬಂದರೆ ರುಚಿ ನೋಡಲೇ ಬೇಡಿ. ಅಡಿಕೆ, ಗೇರು, ಭತ್ತಕ್ಕೆ ಔಷಧಿ ಹೊಡೆಯುವ ಪಂಪನ್ನು ಬಾವಿಕಟ್ಟೆಯಲ್ಲಿ ತೊಳೆಯುವ ಅಭ್ಯಾಸ ಹಲವು ಕಡೆ ಇದೆ. ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ತಣ್ಣೀರಿನಲ್ಲೂ ಇದೆಯಾ, ಗೀಸರಿನ ಬಿಸಿನೀರಿನಲ್ಲಿ ಮಾತ್ರವಾ? ಬಿಸಿನೀರಿನಲ್ಲಿ ಮಾತ್ರ ಇದ್ದರೆ ತೊಂದರೆ ಬಾವಿಯದಲ್ಲ, ಗೀಸರಿನದು. ಎರಡರಲ್ಲೂ ಇದ್ದರೆ ತಳದಲ್ಲಿ ಎಲೆ, ಕಸ ಕೊಳೆಯುತ್ತಿರಬಹುದು. ಚರಂಡಿಯ ವಾಸನೆ ಬಂದರೆ ಹೆಚ್ಚು ಯೋಚಿಸುವುದೇ ಬೇಡ, ಕುಡಿಯುವುದು ನಿಲ್ಲಿಸಿ.

ಉಪ್ಪಿನ ರುಚಿ ಕರಾವಳಿಯವರಿಗೆ ಗೊತ್ತೇ ಇದೆ. ಹೊಳೆ ಬದಿಯ, ಅಳಿವೆಯ ಹತ್ತಿರದ ಬಾವಿಗಳಲ್ಲಿ ಏಪ್ರಿಲ್–ಮೇಯಲ್ಲಿ ಸಿಹಿನೀರು ಕೆಳಗಿಳಿದಾಗ ಉಪ್ಪುನೀರು ಒಳನುಗ್ಗುತ್ತದೆ. ಕಿಂಡಿ ಅಣೆಕಟ್ಟಿಗೆ ಮಳೆ ಮುಗಿದ ಕೂಡಲೇ ಹಲಗೆ ಹಾಕುವುದರಲ್ಲಿ ಅದನ್ನು ತಡೆಯುವ ಉದ್ದೇಶವೂ ಇದೆ. ರುಚಿ ಬದಲಾದ ದಿನವೇ ಪಂಪು ಹಾಕುವ ಹೊತ್ತನ್ನು ಕಡಿಮೆ ಮಾಡಿ. ಜಾಸ್ತಿ ಎಳೆದಷ್ಟೂ ಉಪ್ಪು ಹತ್ತಿರ ಬರುತ್ತದೆ. ಈ ಬದಲಾವಣೆ ಹಿಡಿಯಲು ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು, ಖನಿಜಗಳ ಒಟ್ಟು ಪ್ರಮಾಣ) ಮೀಟರ್ ಒಳ್ಳೆಯ ಸಾಧನ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತಿಂಗಳಿಗೊಮ್ಮೆ ಅದ್ದಿ ಬರೆದಿಡಿ. ಯಾವಾಗಲೂ 70 ತೋರಿಸುವ ಬಾವಿ ಒಂದು ದಿನ 300 ತೋರಿಸಿದರೆ ಹೊಸದೇನೋ ಒಳಗೆ ಬಂದಿದೆ ಎಂದೇ ಅರ್ಥ.

4. ಅಡುಗೆಮನೆ, ಬಚ್ಚಲು ಹೇಳುವುದು

ಸೋಪು ನೊರೆ ಬರುವುದಿಲ್ಲ, ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದರೂ ಗಟ್ಟಿ, ಪಾತ್ರೆಯ ಒಳಗೆ ಬಿಳಿ ಹಕ್ಕಳೆ. ಇದು ಗಡಸು ನೀರು. ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಮಾಮೂಲಿ. ಹಿಂಸೆ ಹೌದು, ಆದರೆ ದೊಡ್ಡ ಅಪಾಯವಲ್ಲ.

ಕರಾವಳಿ, ಮಲೆನಾಡಿನ ಮುರಕಲ್ಲಿನ ಬಾವಿಗಳಲ್ಲಿ ಇದರ ಉಲ್ಟಾ. ನೀರು ತೀರಾ ಮೆದು, ಸ್ವಲ್ಪ ಹುಳಿ ಗುಣದ್ದು. ಈ ಹುಳಿ ಗುಣವನ್ನು ಅಳೆಯುವ ಪಿಎಚ್ 6.5ಕ್ಕಿಂತ ಕೆಳಗೆ ಇರುವುದು ಇಲ್ಲಿ ಸಾಮಾನ್ಯ. ಅಂಥ ನೀರು ಲೋಹವನ್ನು ತಿನ್ನುತ್ತದೆ. ಕಬ್ಬಿಣದ ಪೈಪು ಬೇಗ ತೂತಾಗುತ್ತದೆ, ಹಿತ್ತಾಳೆ ನಲ್ಲಿಯ ಕೆಳಗೆ ಸಿಂಕಿನಲ್ಲಿ ನೀಲಿ–ಹಸಿರು ಗೆರೆ ಮೂಡುತ್ತದೆ. ಅಂಥ ಗೆರೆ ಕಂಡರೆ ಬೆಳಗ್ಗೆ ಮೊದಲು ಬರುವ ನೀರನ್ನು ಕುಡಿಯಲು ಹಿಡಿಯಬೇಡಿ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತದ್ದು ಗಿಡಕ್ಕೆ ಹೋಗಲಿ.

5. ಕಾಣದೆ ಇರುವವು

ನಮ್ಮ ಮನೆಯಲ್ಲಿ ಕಾಯಿಲೆ ತಂದದ್ದು ಈ ಗುಂಪು. ಇವು ನಾಲ್ಕೈದು ಇವೆ.

ಮಲದಿಂದ ಬರುವ ಬ್ಯಾಕ್ಟೀರಿಯಾ ಮೊದಲನೆಯದು. ನೈಟ್ರೇಟ್ ಎರಡನೆಯದು. ಕಕ್ಕಸು ಗುಂಡಿ, ಹಟ್ಟಿ, ಯೂರಿಯಾ ಗೊಬ್ಬರದಿಂದ ಬರುತ್ತದೆ. ಬಾಟಲಿ ಹಾಲು ಕುಡಿಯುವ ಎಳೆ ಮಕ್ಕಳಿಗೆ ಇದು ತುಂಬಾ ಅಪಾಯ. ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕಡಿಮೆಯಾಗಿ ಮಗು ನೀಲಿಗಟ್ಟುತ್ತದೆ. ಮೂರನೆಯದು ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಗದಗದ ಮುಂಡರಗಿ, ಕೊಪ್ಪಳದ ಕಡೆಯ ಕೊಳವೆಬಾವಿಯವರು ಇದನ್ನು ನೋಡಿಸಲೇಬೇಕು. ಬಂಡೆಯಿಂದಲೇ ಕರಗಿ ಬರುವುದರಿಂದ ಬಾವಿಯನ್ನು ಎಷ್ಟು ಚೊಕ್ಕಟವಾಗಿಟ್ಟರೂ ಹೋಗುವುದಿಲ್ಲ. ಊರಿನ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಕಂಡರೆ ಅದೇ ದೊಡ್ಡ ಸುಳಿವು. ಕೋಲಾರ, ಚಿಕ್ಕಬಳ್ಳಾಪುರದ ಆಳದ ಕೊಳವೆಬಾವಿಗಳವರು ಯುರೇನಿಯಂ, ರಾಯಚೂರು–ಯಾದಗಿರಿಯ ಚಿನ್ನದ ಗಣಿ ಸೀಮೆಯವರು ಆರ್ಸೆನಿಕ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ನಮಗೆ ಕೊಟ್ಟ ಬಾಟಲಿಗೆ ಎಚ್‌2ಎಸ್ ಬಾಟಲಿ ಎನ್ನುತ್ತಾರೆ. ಮಲದ ಜೊತೆ ಬರುವ ಬ್ಯಾಕ್ಟೀರಿಯಾ ಇದ್ದರೆ 24ರಿಂದ 48 ಗಂಟೆಯಲ್ಲಿ ನೀರು ಕಪ್ಪಾಗುತ್ತದೆ, ಇಲ್ಲದಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ಬಾಟಲಿಯ ಒಳಗೆ, ಮುಚ್ಚಳದ ಒಳಬದಿಗೆ ಬೆರಳು ತಾಗಿಸಬಾರದು. ಕಪ್ಪಾದರೆ ಎಚ್ಚರಿಕೆ ಎಂದು ತಿಳಿದು ಕುದಿಸಿ ಕುಡಿಯಲು ಶುರು ಮಾಡಿ, ಲ್ಯಾಬಿಗೆ ನೀರು ಕಳಿಸಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಜಲ ಜೀವನ್ ಮಿಷನ್ ಅಡಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆ ಇದೆ, ಅವರ ಬಳಿ ಕಿಟ್ ಇರುತ್ತದೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಲ್ಯಾಬಿಗೆ ನೀವೇ ನೀರು ಒಯ್ದು ಕೊಡಲೂಬಹುದು.

6. ಲ್ಯಾಬಿಗೆ ನೀರು ಹಿಡಿಯುವುದು

ಇಲ್ಲಿ ತಪ್ಪಿದರೆ ವರದಿಗೆ ಬೆಲೆಯೇ ಇಲ್ಲ.

ರಾಸಾಯನಿಕ ಪರೀಕ್ಷೆಗೆ ಒಂದೆರಡು ಲೀಟರಿನ ಚೊಕ್ಕ ಪ್ಲಾಸ್ಟಿಕ್ ಬಾಟಲಿ ಸಾಕು. ಅದೇ ನೀರಿನಲ್ಲಿ ಮೂರು ಸಲ ತೊಳೆದು ಬಾಯಿ ತನಕ ತುಂಬಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಬಾಟಲಿ ಬೇಕು. ಅದನ್ನು ತೊಳೆಯಲೇಬಾರದು, ಪೂರ್ತಿ ತುಂಬಲೂಬಾರದು. ಮೇಲೆ ಸ್ವಲ್ಪ ಜಾಗ ಬಿಟ್ಟು, ಐಸಿನ ಜೊತೆ ಇಟ್ಟು, ಸಾಧ್ಯವಾದರೆ 6 ಗಂಟೆಯೊಳಗೆ, ಹೇಗಿದ್ದರೂ 24 ಗಂಟೆಯೊಳಗೆ ತಲುಪಿಸಿ. ನಲ್ಲಿಯಿಂದ ಹಿಡಿಯುವುದಾದರೆ ಬಾಯಿ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು ಆಮೇಲೆ ಹಿಡಿಯಿರಿ.

ಖರ್ಚು ಸ್ವಲ್ಪ ಜಾಸ್ತಿಯಾದರೂ ಎರಡು ಕಡೆಯ ನೀರು ಕೊಡಿ, ಬಾವಿಯದ್ದೊಂದು, ಅಡುಗೆಮನೆ ನಲ್ಲಿಯದ್ದೊಂದು. ಬಾವಿಯದ್ದು ಸರಿಯಿದ್ದು ನಲ್ಲಿಯದ್ದು ಕೆಟ್ಟಿದ್ದರೆ ಮಾಳಿಗೆಯ ಟ್ಯಾಂಕು ತೊಳೆಯಬೇಕು. ಸುಮ್ನೆ ಬಾವಿಯನ್ನು ಬೈಯುವುದು ತಪ್ಪುತ್ತದೆ. ಹೊತ್ತು ನೋಡಿ ಹಿಡಿಯುವುದೂ ಮುಖ್ಯ. ಬ್ಯಾಕ್ಟೀರಿಯಾ, ನೈಟ್ರೇಟ್ ಮಳೆ ಜೋರಾದ ಮೇಲೆ. ಉಪ್ಪು, ಫ್ಲೋರೈಡ್ ಬೇಸಿಗೆಯ ಕೊನೆಗೆ.

ವರದಿ ಬಂದಾಗ ಭಾರತೀಯ ಮಾನಕ ಐಎಸ್ 10500ರ ಈ ಅಂಕಿಗಳ ಜೊತೆ ಹೋಲಿಸಿ. ಮಲದಿಂದ ಬರುವ ಬ್ಯಾಕ್ಟೀರಿಯಾ ಇ. ಕೋಲಿ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ವರದಿಯಲ್ಲಿ "ನೈಟ್ರೋಜನ್ ಲೆಕ್ಕದಲ್ಲಿ" ಎಂದಿದ್ದರೆ ಆ ಮಿತಿ ಸುಮಾರು 10, ಅದನ್ನು ಕೇಳಿ ಖಚಿತ ಮಾಡಿಕೊಳ್ಳಿ. ಫ್ಲೋರೈಡ್ 1, ಬೇರೆ ನೀರೇ ಇಲ್ಲದಿದ್ದರೆ 1.5. ಆರ್ಸೆನಿಕ್ 0.01. ಪಿಎಚ್ 6.5ರಿಂದ 8.5. ಟಿಡಿಎಸ್ 500, ಬೇರೆ ನೀರಿಲ್ಲದಿದ್ದರೆ 2000. ಗಡಸುತನ 200, ಬೇರೆ ನೀರಿಲ್ಲದಿದ್ದರೆ 600. ಉಪ್ಪಿನ ಅಂಶವಾದ ಕ್ಲೋರೈಡ್ 250, ಬೇರೆ ನೀರಿಲ್ಲದಿದ್ದರೆ 1000.

7. ಕೆಟ್ಟಿದೆ ಎಂದು ಗೊತ್ತಾದ ಮೇಲೆ

ಬ್ಯಾಕ್ಟೀರಿಯಾ ಇದ್ದರೆ ಕುದಿಸುವುದೇ ಮೊದಲ ಮದ್ದು. ಬರೀ ಬಿಸಿಯಾದರೆ ಸಾಲದು, ಕೊತಕೊತ ಕುದಿಯಬೇಕು, ಕುದಿ ಬಂದ ಮೇಲೂ ಒಂದು ನಿಮಿಷ ಬಿಡಬೇಕು. ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಆದರೆ ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಇದ್ದರೆ ಕುದಿಸಬೇಡಿ. ನೀರು ಆವಿಯಾಗಿ ಅವು ಉಳಿಯುತ್ತವೆ, ಇನ್ನೂ ಗಟ್ಟಿಯಾಗುತ್ತವೆ. ಕುಡಿಯಲು, ಅಡುಗೆಗೆ ಬೇರೆ ನೀರು ತರಿಸಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ ಕಣ್ಣಂದಾಜು ಬೇಡ, ಲೆಕ್ಕ ಹಾಕಿ. ಬಾವಿಯ ಅಗಲವನ್ನು ಅದೇ ಅಗಲದಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, 0.785ರಿಂದ ಗುಣಿಸಿ. ಎಲ್ಲ ಮೀಟರಿನಲ್ಲಿ. ಬಂದದ್ದನ್ನು ಸಾವಿರದಿಂದ ಗುಣಿಸಿದರೆ ಲೀಟರ್. ನಮ್ಮ ಬಾವಿ 2.4 ಮೀಟರ್ ಅಗಲ, ಅವತ್ತು ನೀರು 3 ಮೀಟರ್ ಇತ್ತು. ಸುಮಾರು 13,500 ಲೀಟರ್. 33% ಕ್ಲೋರಿನ್ ಇರುವ ತಾಜಾ ಪೌಡರ್ ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ 34 ಗ್ರಾಂ. ಇಷ್ಟೇ! ಪಾವ್ ಕಿಲೋ ಸುರಿಯುವವರನ್ನು ನೋಡಿದ್ದೇನೆ.

ಪೌಡರನ್ನು ನೇರ ಬಾವಿಗೆ ಎಸೆಯಬೇಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣ ಬಾವಿಗೆ ಬೇಡ, ನೀರು ಗಡಸಾಗುತ್ತದೆ. ರಾತ್ರಿ ಹಾಕಿದರೆ ಬೆಳಗ್ಗೆ ಬಳಸಬಹುದು. ಕನಿಷ್ಠ ಒಂದು ಗಂಟೆಯಂತೂ ಬಿಡಲೇಬೇಕು. ಒಂದು ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಹಾಕಿದ್ದು ಸಾಕಾಗಿದೆ ಎಂದರ್ಥ. ನೆರೆ ನೀರು ಒಳಗೆ ಹೋಗಿದ್ದರೆ ಈ ಅಳತೆ ಸಾಲದು, ಆರೋಗ್ಯ ಇಲಾಖೆಯವರನ್ನು ಕೇಳಿ. ಬಾವಿಯಲ್ಲಿ ಸಾಕಿದ ಮೀನಿದ್ದರೆ ಮೊದಲೇ ತೆಗೆದಿಡಿ.

ಕೆಸರು ತೆಗೆಸಲು ಯಾರನ್ನೂ ಸುಮ್ನೆ ಬಾವಿಗೆ ಇಳಿಸಬೇಡಿ. ತಳದಲ್ಲಿ ಆಮ್ಲಜನಕ ಇಲ್ಲದೆ ಇಳಿದವರೂ, ಅವರನ್ನು ಎತ್ತಲು ಇಳಿದವರೂ ಸತ್ತಿದ್ದಾರೆ. ದೀಪ ಇಳಿಸಿ ನೋಡಿದರೆ ಎಲ್ಲ ಅನಿಲವೂ ಗೊತ್ತಾಗುವುದಿಲ್ಲ. ಅನುಭವ ಇರುವವರು, ಸೊಂಟಕ್ಕೆ ಹಗ್ಗ, ಮೇಲೆ ಎಳೆಯಲು ಜನ, ಒಳಗೆ ಗಾಳಿ ಬಿಡುವ ವ್ಯವಸ್ಥೆ, ಇಷ್ಟೂ ಬೇಕು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಲೇಬಾರದು.

ಇನ್ನು ಫಿಲ್ಟರ್ ಮಾರುವವರ ವಿಷಯ. ಎರಡು ಲೋಟಕ್ಕೆ ಕರೆಂಟಿನ ಕಡ್ಡಿ ಇಳಿಸುತ್ತಾರೆ. ನಿಮ್ಮ ಬಾವಿ ನೀರು ಕೆಸರಿನಂತಾಗುತ್ತದೆ, ಉಪ್ಪು–ಖನಿಜ ತೆಗೆದ ಅವರ ಆರ್‌ಒ ನೀರು ಹಾಗೇ ಇರುತ್ತದೆ. ಆ ಬಣ್ಣ ನಿಮ್ಮ ನೀರಿನದಲ್ಲ, ಕಡ್ಡಿಯ ಲೋಹ ಕರಗಿದ್ದು. ಅವರ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಲು ಹೇಳಿ, ಅದೂ ಕೆಸರಾಗುತ್ತದೆ. ಟಿಡಿಎಸ್ 100 ಕೂಡ ಇಲ್ಲದ ಕರಾವಳಿಯ ಬಾವಿಗೆ, ತೊಂದರೆ ಬ್ಯಾಕ್ಟೀರಿಯಾ ಮಾತ್ರವಾದರೆ, ಆರ್‌ಒ ಬೇಡವೇ ಬೇಡ. ಕುದಿಸಿ, ಇಲ್ಲವೇ ಯುವಿ ಬೆಳಕಿನಿಂದ ಬ್ಯಾಕ್ಟೀರಿಯಾ ಕೊಲ್ಲುವ ಫಿಲ್ಟರ್ ಸಾಕು. ಫ್ಲೋರೈಡ್ ಸೀಮೆಯವರ ಲೆಕ್ಕ ಬೇರೆ, ಅವರಿಗೆ ಆರ್‌ಒ ಬೇಕಾಗುತ್ತದೆ. ಯಾವುದು ಬೇಕೆಂದು ವರದಿ ನೋಡಿ ತೀರ್ಮಾನಿಸಿ, ಮಾರುವವರ ಮಾತು ಕೇಳಿ ಅಲ್ಲ.

ನಮ್ಮ ಬಾವಿಗೆ ಆ ಮಳೆಗಾಲದಲ್ಲಿ ಬ್ಲೀಚಿಂಗ್ ಹಾಕಿದೆವು, ಹತ್ತು ದಿನ ಬಿಟ್ಟು ನೋಡಿದರೆ ಬಾಟಲಿ ಮತ್ತೆ ಕಪ್ಪು. ಕೊಳೆ ಬರುವ ದಾರಿ ಹಾಗೇ ಇತ್ತಲ್ಲ. ನವೆಂಬರಿನಲ್ಲಿ ಹಳೆಯ ಗುಂಡಿ ಖಾಲಿ ಮಾಡಿಸಿ ಮುಚ್ಚಿದೆವು, ಮನೆಯ ಇಳಿಜಾರಿನ ಆಚೆ 70 ಅಡಿ ದೂರದಲ್ಲಿ ಹೊಸದು ಮಾಡಿಸಿದೆವು, ಬಾವಿಕಟ್ಟೆಗೆ ಸಿಮೆಂಟ್ ಬಳಿಸಿದೆವು. ಮುಂದಿನ ವರ್ಷ ಜುಲೈಯಲ್ಲಿ, ಮೂರು ದಿನ ಬಿಡದೆ ಮಳೆ ಸುರಿದ ಮೇಲೆ ಮತ್ತೊಂದು ಬಾಟಲಿ ತುಂಬಿ ಅದೇ ಅಡುಗೆಕಟ್ಟೆಯ ಮೇಲೆ ಇಟ್ಟೆ. ಅತ್ತೆ ಗಂಟೆಗೊಮ್ಮೆ ಬಂದು ಬಗ್ಗಿ ನೋಡುತ್ತಿದ್ದರು. 48 ಗಂಟೆ ಕಳೆದರೂ ಅದು ಹಳದಿಯಾಗಿಯೇ ಇತ್ತು. ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಟ್ಟೆ.